ಗೂಫಿಗೆ ರೋಜರ್ ಕೊಟ್ಟ ಅಂಕ: ‘ಹೂ ಫ್ರೇಮ್ಡ್ ರೋಜರ್ ರ‍್ಯಾಬಿಟ್’ 4ಕೆ ಡಿಸ್ಕ್ ಹೇಗಿದೆ?

ಕೊಲೆ ಆರೋಪ ಹೊತ್ತು ತಲೆಮರೆಸಿಕೊಂಡಿರುವ ಮೊಲವೊಂದು ಟಾಕೀಸಿನ ಕತ್ತಲಲ್ಲಿ ಕೂತಿದೆ. ಕೆಮ್ಮು ಬಂದರೂ ನುಂಗಿಕೊಳ್ಳಬೇಕಾದ ಹೊತ್ತು. ಆದರೆ ಪರದೆಯ ಮೇಲೆ ಡಿಸ್ನಿಯ ಗೂಫಿ ಕಸರತ್ತು ಮಾಡಲು ಹೋಗಿ ಏಟಿನ ಮೇಲೆ ಏಟು ತಿನ್ನುತ್ತಿದ್ದಾನೆ. ಮೊಲ ಬಿದ್ದು ಬಿದ್ದು ನಗುತ್ತದೆ. ಗೂಫಿಯ ಹಾಗೆ ಏಟು ತಿನ್ನೋರು ಇನ್ನೊಬ್ಬರಿಲ್ಲ, ಏನು ಟೈಮಿಂಗು, ಏನು ನಾಜೂಕು ಎಂದು ಪಕ್ಕದಲ್ಲಿರುವ ಪತ್ತೇದಾರನಿಗೆ ಪಾಠ ಹೇಳುತ್ತದೆ. ಒಂದು ಕಾರ್ಟೂನಿನ ನಾಯಕ ಇನ್ನೊಂದು ಕಾರ್ಟೂನಿನ ಪಾತ್ರವನ್ನು ಹೇಗೆ ನೋಡಿಯಾನು ಎಂಬ ಪ್ರಶ್ನೆಗೆ ಸಿನಿಮಾ ಕೊಟ್ಟ ಉತ್ತರಗಳಲ್ಲಿ ಇದಕ್ಕಿಂತ ಒಳ್ಳೆಯದು ಸಿಗುವುದು ಕಷ್ಟ.

ಯಾಕೆ ಎಂದು ತಿಳಿಯಲು ಚಿತ್ರದ ಮೊದಲ ದೃಶ್ಯಕ್ಕೆ ಹಿಂದೆ ಹೋಗಬೇಕು. ಆ ಮೊಲ, ರೋಜರ್, ಕಸುಬಿನಿಂದ ಕಾರ್ಟೂನ್ ನಟ. ತಲೆಯ ಮೇಲೆ ಫ್ರಿಜ್ ಬೀಳಬೇಕು, ಬಿದ್ದ ಮೇಲೆ ತಲೆ ಸುತ್ತ ನಕ್ಷತ್ರಗಳು ತಿರುಗಬೇಕು. ಚಿತ್ರಕಥೆಯಲ್ಲಿ ಬರೆದಿರುವುದು ಇಷ್ಟೇ. ತಿರುಗುವುದು ಮಾತ್ರ ಹಕ್ಕಿಗಳು. ನಿರ್ದೇಶಕ ‘ಕಟ್’ ಅನ್ನುತ್ತಾನೆ, ರೋಜರ್ ಇನ್ನೊಂದು ಅವಕಾಶ ಕೊಡಿ ಎಂದು ಗೋಗರೆಯುತ್ತಾನೆ. ಏಟು ತಿನ್ನುವುದರಲ್ಲೇ ಸೋತ ನಟ ಆಮೇಲೆ ಟಾಕೀಸಿನಲ್ಲಿ ಗೂಫಿಯನ್ನು ನೋಡುತ್ತಿದ್ದಾನೆ. ಆ ಹೊಗಳಿಕೆ ಅಭಿಮಾನಿಯದಲ್ಲ. ತನಗೆ ಕೂಡಿಬರದ ಕೈಚಳಕವನ್ನು ಇನ್ನೊಬ್ಬನಲ್ಲಿ ಕಂಡ ಕಸುಬುದಾರನದು. (ಗೂಫಿಯ ಆ ಕಿರುಚಿತ್ರ ಬಂದದ್ದು 1949ರಲ್ಲಿ, ಕತೆ ನಡೆಯುವುದು 1947ರಲ್ಲಿ. ತಪ್ಪು ತಪ್ಪೇ, ಆದರೆ ದೃಶ್ಯದ ಮುಂದೆ ಅದು ಲೆಕ್ಕಕ್ಕಿಲ್ಲ.)

ಈ ಬರಹ ರಾಬರ್ಟ್ ಜೆಮೆಕಿಸ್ ನಿರ್ದೇಶಿಸಿದ 1988ರ ಆ ಚಿತ್ರದ 4ಕೆ ಅಲ್ಟ್ರಾ ಎಚ್‌ಡಿ ಡಿಸ್ಕಿನ ಬಗ್ಗೆ. 2021ರ ಡಿಸೆಂಬರಿನಲ್ಲಿ ಅಮೆರಿಕದಲ್ಲಿ ಬಂದ ಪ್ಯಾಕಿನಲ್ಲಿ ಒಂದು 4ಕೆ ಡಿಸ್ಕು, ಒಂದು ಬ್ಲೂ-ರೇ ಡಿಸ್ಕು, ಒಂದು ಡಿಜಿಟಲ್ ಕೋಡು ಇವೆ. ಕೋಡು ಅಮೆರಿಕದ ಖಾತೆಗಳಿಗೆ ಮಾತ್ರ. ಬೇರೆ ದೇಶದಲ್ಲಿರುವವರು ಅದಕ್ಕೆ ಬೆಲೆ ಕಟ್ಟಬೇಡಿ. ಚಿತ್ರದ ಅವಧಿ 104 ನಿಮಿಷ. ಕನ್ನಡ ಧ್ವನಿ ಇಲ್ಲ. ಇಂಗ್ಲಿಷ್ ಸಬ್‌ಟೈಟಲ್ ಇದೆ, ಅದು ಬೇಕೇ ಬೇಕು. ಯಾಕೆಂದರೆ ಡೊನಾಲ್ಡ್ ಡಕ್.

ಕತೆ ಗೊತ್ತಿಲ್ಲದವರಿಗೆ ಎರಡು ಮಾತು: 1947ರ ಹಾಲಿವುಡ್‌ನಲ್ಲಿ ಕಾರ್ಟೂನುಗಳು (ಚಿತ್ರದ ಮಾತಿನಲ್ಲಿ ‘ಟೂನ್’ಗಳು) ನಿಜವಾದ ಜೀವಿಗಳು. ಪಕ್ಕದ ಟೂನ್‌ಟೌನಿನಲ್ಲಿ ಮನೆ, ಸ್ಟುಡಿಯೋದಲ್ಲಿ ಕೂಲಿ. ಡಿಸ್ನಿಯಿಂದ ಎರವಲು ತಂದ ಡಂಬೋ ಆನೆ ಸ್ಟುಡಿಯೋ ಮಾಲೀಕನ ಕಿಟಕಿಯಾಚೆ ಹಾರಾಡುತ್ತಿರುತ್ತದೆ. ಕಡಲೆಕಾಯಿಗೆ ದುಡಿಯುತ್ತದೆ ಎಂದು ಮಾಲೀಕ ಹಿಗ್ಗುತ್ತಾನೆ. ಇಂಗ್ಲಿಷಿನಲ್ಲಿ ಕಡಲೆಕಾಯಿಗೆ ದುಡಿಯುವುದೆಂದರೆ ಪುಡಿಗಾಸಿಗೆ ದುಡಿಯುವುದು, ನಗು ಇರುವುದು ಅಲ್ಲಿ. ಸಂಸ್ಥೆ ಬೇರೆ ಬೇರೆಯಾದರೂ ಡಿಸ್ನಿ, ವಾರ್ನರ್, ಫ್ಲೈಶರ್, ಎಂಜಿಎಂ ಪಾತ್ರಗಳೆಲ್ಲ ಈ ಊರಿನಲ್ಲಿ ಒಂದೇ ಕೂಲಿಕಾರರ ಕೇರಿಯವರು.

ಯಕ್ಷಗಾನ ಬಲ್ಲವರಿಗೆ ಇದನ್ನು ಹೇಳುವುದು ಸುಲಭ. ಎರಡು ಮೇಳ ಅಕ್ಕಪಕ್ಕ ರಂಗಸ್ಥಳ ಕಟ್ಟಿ ಪೈಪೋಟಿಗೆ ಕುಣಿದರೆ ಜೋಡಾಟ. ಎರಡೂ ಮೇಳದವರು ಒಂದೇ ರಂಗಸ್ಥಳ ಏರಿದರೆ ಕೂಡಾಟ. ಕಾಗದದ ಮೇಲೆ ಈ ಚಿತ್ರ ಕೂಡಾಟ. ಆದರೆ ಕರಾರಿನಲ್ಲಿ ಜೋಡಾಟದ ಲೆಕ್ಕ ಇತ್ತು: ವಾರ್ನರ್‌ನವರ ಬಗ್ಸ್ ಬನ್ನಿ ಪರದೆಯ ಮೇಲೆ ಎಷ್ಟು ಹೊತ್ತು ಇರುತ್ತಾನೋ ಡಿಸ್ನಿಯ ಮಿಕ್ಕಿ ಮೌಸ್ ಕೂಡ ಅಷ್ಟೇ ಹೊತ್ತು ಇರಬೇಕು. ಹಾಗಾಗಿ ಇಬ್ಬರೂ ಜೊತೆಯಲ್ಲೇ ಬರುತ್ತಾರೆ, ಜೊತೆಯಲ್ಲೇ ಹೋಗುತ್ತಾರೆ. ಇಂಥ ಲೆಕ್ಕಾಚಾರದಿಂದ ದೃಶ್ಯ ಸಾಯಬೇಕಿತ್ತು. ಸಾಯಲಿಲ್ಲ.

ಪತ್ತೇದಾರ ಎಡ್ಡಿ ಟೂನ್‌ಟೌನಿನ ಎತ್ತರದ ಕಟ್ಟಡದಿಂದ ಕಂಬ ಹಿಡಿದು ನೇತಾಡುತ್ತಿದ್ದಾನೆ. ಟ್ವೀಟಿ ಹಕ್ಕಿ ಬಂದು ಮಗುವಿನ ಬೆರಳು ಎಣಿಸುವ ಆಟದ ಹಾಗೆ ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸುತ್ತದೆ. ಎಡ್ಡಿ ಬೀಳುತ್ತಾನೆ. ಬೀಳುವ ದಾರಿಯಲ್ಲಿ ಎಡಕ್ಕೂ ಬಲಕ್ಕೂ ಪ್ಯಾರಾಚೂಟ್ ಕಟ್ಟಿಕೊಂಡ ಬಗ್ಸ್ ಮತ್ತು ಮಿಕ್ಕಿ. ಪ್ಯಾರಾಚೂಟ್ ಇಲ್ಲದೆ ಹಾರಿದರೆ ಸತ್ತು ಹೋಗ್ತೀಯ ಎಂದು ಮಿಕ್ಕಿ ಕಾಳಜಿ ತೋರುತ್ತಾನೆ. ಸ್ಪೇರ್ ಇದೆಯಾ ಎಂದು ಎಡ್ಡಿ ಕೇಳುತ್ತಾನೆ. ಬಗ್ಸ್ ಹತ್ತಿರ ಇದೆ ಎಂದು ಮಿಕ್ಕಿಯೇ ಹೇಳುತ್ತಾನೆ. ಅದು ನಿನಗೆ ಬೇಡದ ಸ್ಪೇರು ಎಂದು ಬಗ್ಸ್ ಎಚ್ಚರಿಸುತ್ತಾನೆ. ಎಡ್ಡಿ ಅಂಗಲಾಚುತ್ತಾನೆ. ಪಾಪ, ಕೊಟ್ಟುಬಿಡು ಎಂದು ಮಿಕ್ಕಿ ಶಿಫಾರಸು ಮಾಡುತ್ತಾನೆ. ಬಗ್ಸ್ ಕೊಡುತ್ತಾನೆ. ಪೊಟ್ಟಣ ಬಿಚ್ಚಿದರೆ ಒಳಗೆ ಕಾರಿನ ಸ್ಪೇರ್ ಟೈರು.

ರಿಮೋಟಿನಲ್ಲಿ ಈ ಜಾಗವನ್ನು ಎರಡು ಸಲ ನೋಡಿ. ಮೊದಲ ಸಲ ಬಗ್ಸ್‌ನನ್ನು, ಎರಡನೇ ಸಲ ಮಿಕ್ಕಿಯನ್ನು ಮಾತ್ರ. ವಾರ್ನರ್ ಕಾರ್ಟೂನುಗಳ ಕಟ್ಟಳೆ: ಮೊದಲು ಎಚ್ಚರಿಸು, ಎದುರಿನವನು ಹಟ ಹಿಡಿದರೆ ಅವನ ಪಾಪ ಅವನಿಗೆ. ಡಿಸ್ನಿಯ ಮಿಕ್ಕಿಯ ಕಟ್ಟಳೆ: ಎಲ್ಲರಿಗೂ ಒಳ್ಳೆಯವನಾಗಿರು. ಇಲ್ಲಿ ಇಬ್ಬರೂ ತಮ್ಮ ಕಟ್ಟಳೆ ಒಂದಿಷ್ಟೂ ಮುರಿಯುವುದಿಲ್ಲ. ಆದರೂ ಎಡ್ಡಿಯನ್ನು ನೆಲಕ್ಕೆ ಕಳಿಸುವುದು ಮಿಕ್ಕಿಯ ಒಳ್ಳೆಯತನವೇ. ಸ್ಪೇರ್ ಇದೆ ಅಂದವನೂ ಅವನೇ, ಕೊಡು ಅಂದವನೂ ಅವನೇ. ಬಗ್ಸ್‌ಗೆ ಮಿಕ್ಕಿ ಎದುರಾಳಿಯಲ್ಲ, ಸಿಕ್ಕಾಪಟ್ಟೆ ಉಪಯೋಗಕ್ಕೆ ಬರುವ ಜೊತೆಗಾರ. ಇಡೀ ದೃಶ್ಯ ಒಂದು ನಿಮಿಷವೂ ಇಲ್ಲ.

ಬಾತುಕೋಳಿಗಳ ಪಿಯಾನೋ ಜಿದ್ದು ಇದಕ್ಕಿಂತ ಹೆಸರುವಾಸಿ. ಇಂಕ್ ಆಂಡ್ ಪೇಂಟ್ ಕ್ಲಬ್ಬಿನ ವೇದಿಕೆಯಲ್ಲಿ ವಾರ್ನರ್‌ನ ಡ್ಯಾಫಿ, ಡಿಸ್ನಿಯ ಡೊನಾಲ್ಡ್; ನುಡಿಸುತ್ತಿರುವುದು ಲಿಸ್ಟ್‌ನ ಎರಡನೇ ಹಂಗೇರಿಯನ್ ರ‍್ಯಾಪ್ಸಡಿ. ಈ ಬಾತು ಏನು ಹೇಳ್ತಿದೆ ಅಂತ ಯಾರಿಗಾದ್ರೂ ಅರ್ಥ ಆಗ್ತಿದೆಯಾ ಎಂದು ಡ್ಯಾಫಿ ಸಭೆಯನ್ನು ಕೇಳುತ್ತಾನೆ. ಮಾತು ತೊದಲುವವರ ಜೊತೆ ಕೆಲಸ ಮಾಡುವುದು ಇದೇ ಕೊನೆ ಎಂದೂ ಸಾರುತ್ತಾನೆ. ಹೇಳುವಾಗ ಅವನ ಒಂದೊಂದು ‘ಸ’ಕಾರಕ್ಕೂ ಎಂಜಲು ಸಿಡಿಯುತ್ತದೆ. ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪರರ ಎಲೆಯ ನೊಣ ಹುಡುಕುವುದು ಎಂದರೆ ಇದೇ. ಡೊನಾಲ್ಡ್‌ನ ಉತ್ತರ ಮಾತಿನಲ್ಲಿಲ್ಲ. ಡ್ಯಾಫಿಯನ್ನು ಪಿಯಾನೋ ಒಳಗೆ ತುರುಕಿ ಮುಚ್ಚಳ ಬಡಿಯುತ್ತಾನೆ, ಕೊನೆಗೆ ಫಿರಂಗಿ ತರುತ್ತಾನೆ. ಡ್ಯಾಫಿಯ ಆಯುಧ ನಾಲಿಗೆ, ಡೊನಾಲ್ಡ್‌ನ ಆಯುಧ ಸಿಟ್ಟು. ತಮ್ಮ ತಮ್ಮ ಸ್ಟುಡಿಯೋದಲ್ಲಿ ಇಬ್ಬರೂ ಸೋಲುವವರೇ. ಡೊನಾಲ್ಡ್ ಸೋಲುವುದು ಸಿಟ್ಟಿನಿಂದ, ಡ್ಯಾಫಿ ಸೋಲುವುದು ಜಂಬದಿಂದ. ಹಾಗಾಗಿ ಇಲ್ಲಿ ಯಾರನ್ನೂ ಗೆಲ್ಲಿಸದೆ ಇಬ್ಬರ ಕುತ್ತಿಗೆಗೂ ಕೊಕ್ಕೆ ಹಾಕಿ ವೇದಿಕೆಯಿಂದ ಎಳೆದದ್ದು ಬರೀ ಕರಾರಿನ ಜಾಣತನವಲ್ಲ, ಪಾತ್ರಕ್ಕೆ ಒಪ್ಪುವ ತೀರ್ಪು.

ಧ್ವನಿಯ ಬಗ್ಗೆ ಒಂದು ಮಾತು. ಡ್ಯಾಫಿ, ಬಗ್ಸ್, ಟ್ವೀಟಿ, ಪೋರ್ಕಿ ಇವರಿಗೆ ಮಾತು ಕೊಟ್ಟವರು ಮೂಲ ಕಲಾವಿದ ಮೆಲ್ ಬ್ಲಾಂಕ್; ಮರುವರ್ಷವೇ ಅವರು ತೀರಿಕೊಂಡರು. ಡೊನಾಲ್ಡ್‌ನ ಮೂಲ ಧ್ವನಿ ಕ್ಲಾರೆನ್ಸ್ ನ್ಯಾಶ್ 1985ರಲ್ಲೇ ಹೋಗಿದ್ದರು. ಇಲ್ಲಿ ಅವರ ಶಿಷ್ಯ ಟೋನಿ ಆನ್ಸೆಲ್ಮೊ. ಡೊನಾಲ್ಡ್ ಆ ಜಗಳದ ನಡುವೆ ಅನ್ನುವುದೇನು ಎಂಬುದು ಪ್ರೇಕ್ಷಕರಲ್ಲಿ ಹಳೆಯ ವಾದ. ಬರೀ ಕಿವಿ ನಂಬಿದರೆ ತಪ್ಪು ತಿಳಿಯುವುದು ಖಂಡಿತ, ಸಬ್‌ಟೈಟಲ್ ಹಾಕಿಕೊಳ್ಳಿ.

ಈ ಸಂಗೀತದ ಆಯ್ಕೆಯಲ್ಲೂ ಒಂದು ಚುಚ್ಚು ಇದೆ. ಇದೇ ರ‍್ಯಾಪ್ಸಡಿಯನ್ನು 1946ರಲ್ಲಿ ವಾರ್ನರ್‌ನವರು ಬಗ್ಸ್ ಕೈಲಿ ನುಡಿಸಿದರು, ಹೆಚ್ಚುಕಮ್ಮಿ ಅದೇ ಸಮಯಕ್ಕೆ ಎಂಜಿಎಂನವರು ಟಾಮ್ ಬೆಕ್ಕಿನ ಕೈಲಿ ನುಡಿಸಿದರು. ನೀವು ಕದ್ದಿರಿ, ನೀವು ಕದ್ದಿರಿ ಎಂದು ಎರಡೂ ಕಡೆಯವರು ಕಚ್ಚಾಡಿದರು; ಆಸ್ಕರ್ ಟಾಮ್ ಮತ್ತು ಜೆರಿಗೆ ಹೋಯಿತು. ಟಾಮ್ ಮತ್ತು ಜೆರಿ ಈ ಚಿತ್ರದಲ್ಲಿಲ್ಲ, ಹಕ್ಕು ಸಿಗಲಿಲ್ಲ. ಪಾಪೈ ಕೂಡ ಇಲ್ಲ. ಟಾಮ್ ಆ ಕ್ಲಬ್ಬಿನ ಮೊದಲ ಸಾಲಿನಲ್ಲಿ ಕೂತಿದ್ದರೆ? ಬಾಲದಂಗಿ ತೊಟ್ಟು, ಬೆನ್ನು ನೆಟ್ಟಗೆ ಮಾಡಿ ನುಡಿಸಿದ ಬೆಕ್ಕು ಅದು. ಬಾತುಗಳ ಗದ್ದಲಕ್ಕೆ ಮೂಗು ಮುರಿಯುತ್ತಿತ್ತು. ಆದರೆ ಡೊನಾಲ್ಡ್ ಮುಚ್ಚಳ ಬಡಿದಾಗ ಮಾತ್ರ ಒಳಗೊಳಗೇ ತಲೆದೂಗುತ್ತಿತ್ತು, ಯಾಕೆಂದರೆ ಪಿಯಾನೋ ಒಳಗೆ ಯಾರಾದರೂ ಮಲಗಿದ್ದರೆ ಏನಾಗುತ್ತದೆಂದು ಟಾಮ್‌ಗಿಂತ ಚೆನ್ನಾಗಿ ಬಲ್ಲವರಿಲ್ಲ. ಇಂಥ ಊಹೆ ಕಟ್ಟುವುದಕ್ಕೆ ಚಿತ್ರ ಒಂದು ಅಳತೆಗೋಲು ಕೊಡುತ್ತದೆ: ಆ ಪಾತ್ರಕ್ಕೆ ನೋವು ಯಾವುದರಿಂದ, ಅದು ಯಾವ ಕೆಲಸವನ್ನು ಜಪ್ಪಯ್ಯ ಅಂದರೂ ಮಾಡುವುದಿಲ್ಲ, ಅದು ಯಾರ ನಗುವಿಗೆ ಕಾಯುತ್ತದೆ. ಇಷ್ಟು ಗೊತ್ತಿಲ್ಲದೆ ಎರಡು ಪಾತ್ರಗಳನ್ನು ಎದುರುಬದುರು ನಿಲ್ಲಿಸಿದರೆ ಬರೀ ಫೋಟೋ ಆಗುತ್ತದೆ.

ಚಿತ್ರದಲ್ಲೂ ಅಂಥ ಬರೀ ಫೋಟೋಗಳು ಉಂಟು. ಕೊನೆಯ ದೃಶ್ಯದ ಜಾತ್ರೆಯಲ್ಲಿ ಪಾತ್ರಗಳು ಬಂದು ಹಾಜರಿ ಹಾಕಿ ನಿಲ್ಲುತ್ತವೆ; ಯಾರೂ ಯಾರನ್ನೂ ನೋಡುವುದಿಲ್ಲ. ಲಿಫ್ಟ್ ನಡೆಸುವ ಎಂಜಿಎಂನ ನಾಯಿ ಡ್ರೂಪಿ ಪರವಾಗಿಲ್ಲ, ಮೆತ್ತಗಿನ ದನಿಯಲ್ಲಿ ಮಾತಾಡಿ ಎಡ್ಡಿಯನ್ನು ನೆಲಕ್ಕೆ ಅಪ್ಪಳಿಸುತ್ತಾನೆ. ಬೆಟ್ಟಿ ಬೂಪ್‌ಳ ಪಾಲು ಚಿಕ್ಕದು, ಆದರೆ ತೂಕದ್ದು. ಬಣ್ಣದ ಜನರ ನಡುವೆ ಅವಳೊಬ್ಬಳೇ ಕಪ್ಪುಬಿಳುಪು. ಕ್ಲಬ್ಬಿನಲ್ಲಿ ಸಿಗರೇಟು ಮಾರುತ್ತಾಳೆ. ಕಾರ್ಟೂನಿಗೆ ಬಣ್ಣ ಬಂದ ಮೇಲೆ ಕೆಲಸ ಕಡಿಮೆಯಾಯಿತು ಎಂದು ಎಡ್ಡಿಗೆ ಹೇಳುತ್ತಾಳೆ, ಆದರೂ ನನ್ನಲ್ಲಿ ಇನ್ನೂ ದಮ್ ಇದೆ ಅನ್ನುತ್ತಾಳೆ. ಆಮೇಲೆ ವೇದಿಕೆಗೆ ರೋಜರ್‌ನ ಹೆಂಡತಿ, ಹಾಡುಗಾತಿ ಜೆಸಿಕಾ ಬಂದಾಗ ಎಡ್ಡಿಯ ಬಾಯಿ ತೆರೆದೇ ಉಳಿಯುತ್ತದೆ. ಬೆಟ್ಟಿ ಕೈ ಚಾಚಿ ಅವನ ಗಲ್ಲ ಎತ್ತಿ ಬಾಯಿ ಮುಚ್ಚುತ್ತಾಳೆ. 1930ರ ದಶಕದ ಚೆಲುವೆ ಹೊಸ ಚೆಲುವೆಯನ್ನು ನೋಡುವ ಬಗೆ ಅದು. ಬೆಟ್ಟಿಗೆ ದನಿ ಕೊಟ್ಟವರು ಹಳೆಯ ಕಾಲದ ಮೇ ಕ್ವೆಸ್ಟೆಲ್ ಅವರೇ.

ಇನ್ನು ಡಿಸ್ಕಿನ ವಿಷಯ. ಈ ಚಿತ್ರವನ್ನು ಕಂಪ್ಯೂಟರಿನಲ್ಲಿ ಮಾಡಿಲ್ಲ ಎಂಬುದನ್ನು ನೆನಪಿಟ್ಟುಕೊಂಡರೆ ಚಿತ್ರದ ಗುಣಮಟ್ಟ ಅಳೆಯುವುದು ಸುಲಭ. ಮೊದಲು ನಟರ ದೃಶ್ಯ ತೆಗೆದರು. ರೋಜರ್‌ನ ಧ್ವನಿ ಚಾರ್ಲ್ಸ್ ಫ್ಲೈಶರ್ ಮೊಲದ ವೇಷ ತೊಟ್ಟು ಕ್ಯಾಮೆರಾದ ಹಿಂದೆ ನಿಂತು ಮಾತು ಹೇಳುತ್ತಿದ್ದರು. ಪೆಂಗ್ವಿನ್ ಮಾಣಿಗಳ ಟ್ರೇಗಳನ್ನು ನೆಲದಡಿಯಿಂದ ಕೋಲುಗಳ ಮೇಲೆ ಓಡಿಸಿದರು. ಆಮೇಲೆ ಒಂದೊಂದು ಫ್ರೇಮಿನ ಮುದ್ರಿತ ಪ್ರತಿ ತೆಗೆದು, ಅದರ ಮೇಲೆ ರಿಚರ್ಡ್ ವಿಲಿಯಮ್ಸ್ ತಂಡ ಕೈಯಲ್ಲಿ ಚಿತ್ರ ಬರೆಯಿತು. ಸಾಮಾನ್ಯ ಅನಿಮೇಷನ್‌ನಲ್ಲಿ ಒಂದು ಚಿತ್ರವನ್ನು ಎರಡು ಫ್ರೇಮಿಗೆ ಹಿಡಿಯುವುದು ರೂಢಿ, ಸೆಕೆಂಡಿಗೆ 12 ಚಿತ್ರ ಸಾಕು. ಇಲ್ಲಿ ಕ್ಯಾಮೆರಾ ಓಡಾಡುತ್ತದೆ. 12ಕ್ಕೆ ನಿಲ್ಲಿಸಿದ್ದರೆ ಪಾತ್ರ ನೆಲದ ಮೇಲೆ ಜಾರಿದ ಹಾಗೆ ಕಾಣುತ್ತಿತ್ತು. ಹಾಗಾಗಿ ಸೆಕೆಂಡಿಗೆ 24. ಐದು ಸೆಕೆಂಡಿನ ಶಾಟಿಗೆ ಒಂದು ಪಾತ್ರಕ್ಕೇ 120 ಚಿತ್ರ. ನೆರಳು, ಹೊಳಪುಗಳ ಪದರ ಬೇರೆ. ಇವನ್ನೆಲ್ಲ ಒಂದರ ಮೇಲೊಂದು ಸೇರಿಸಿದ್ದು ಇಂಡಸ್ಟ್ರಿಯಲ್ ಲೈಟ್ ಆಂಡ್ ಮ್ಯಾಜಿಕ್ ಎಂಬ ವಿಶೇಷ ಪರಿಣಾಮಗಳ ಸಂಸ್ಥೆ, ಆಪ್ಟಿಕಲ್ ಪ್ರಿಂಟರಿನಲ್ಲಿ (ಒಂದು ಫಿಲ್ಮಿನ ಚಿತ್ರವನ್ನು ಇನ್ನೊಂದು ಫಿಲ್ಮಿಗೆ ಮುದ್ರಿಸುವ ಯಂತ್ರ). ಪ್ರತಿ ಸಲ ಮರುಮುದ್ರಿಸುವಾಗಲೂ ಫಿಲ್ಮಿನ ಕಣ ದಪ್ಪವಾಗುತ್ತದೆ. ಅದನ್ನು ತಗ್ಗಿಸಲೆಂದೇ ಫ್ರೇಮ್ ದೊಡ್ಡದಿರುವ ವಿಸ್ಟಾವಿಷನ್ ಫಿಲ್ಮ್ ಬಳಸಿದರು. ಆದರೂ ಟೂನ್‌ಗಳಿರುವ ಶಾಟು, ಇಲ್ಲದ ಶಾಟು ಇವುಗಳ ನಡುವೆ ಕಣದ ವ್ಯತ್ಯಾಸ ಕಂಡರೆ ಅದು ಡಿಸ್ಕಿನ ದೋಷವಲ್ಲ. 4ಕೆಯಲ್ಲಿ ಇದು ಮುಚ್ಚಿಡಲಾಗದಷ್ಟು ಸ್ಪಷ್ಟ.

4ಕೆಗೆ ದುಡ್ಡು ಕೊಡುವುದು ಯಾಕೆ ಎಂದು ಕೇಳಿದರೆ ತೋರಿಸಬೇಕಾದ್ದು ಬಾರಿನ ಹಿಂದಿನ ಕೋಣೆಯ ದೃಶ್ಯ. ಎಡ್ಡಿಯ ತಲೆ ತಾಗಿ ತೂಗುದೀಪ ಅಲುಗುತ್ತದೆ. ಬೆಳಕು ತೂಗಿದಂತೆಲ್ಲ ರೋಜರ್‌ನ ಮೈಮೇಲಿನ ನೆರಳೂ ಫ್ರೇಮು ಫ್ರೇಮಿಗೆ ಜಾಗ ಬದಲಿಸುತ್ತದೆ. ದೀಪ ತಾಗಿಸದೆ ಇದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ. ರಾಶಿ ಕೆಲಸ ಮಿಗುತ್ತಿತ್ತು, ಅಂದರೆ ಮಾಡುವುದೇ ತಪ್ಪುತ್ತಿತ್ತು. ಎಚ್‌ಡಿಆರ್‌ನಲ್ಲಿ ಆ ಬೆಳಕು-ಕತ್ತಲ ಅಂತರ ಹಿಗ್ಗುವುದರಿಂದ ಈ ಕೂಲಿ ಕಣ್ಣಿಗೆ ಕಾಣುತ್ತದೆ. ಅದೇ ಕೋಣೆಯಲ್ಲಿ ಇನ್ನೊಂದು ಪಾಠವೂ ಇದೆ. ಎಡ್ಡಿ ಇಬ್ಬರ ಕೈಗೂ ಬಿದ್ದ ಕೋಳವನ್ನು ಗರಗಸದಿಂದ ಕೊಯ್ಯುತ್ತಿದ್ದರೆ ರೋಜರ್ ಕೈ ಸುಮ್ಮನೆ ಹೊರಗೆಳೆದು ಸಹಾಯಕ್ಕೆ ನಿಲ್ಲುತ್ತಾನೆ. ಯಾವಾಗ ಬೇಕಾದರೂ ತೆಗೆಯಬಹುದಿತ್ತಾ ಎಂದರೆ, ಇಲ್ಲ, ನಗು ಬರುವಾಗ ಮಾತ್ರ ಅನ್ನುತ್ತಾನೆ. ಬಗ್ಸ್ ಆಗಿದ್ದರೆ ಕೈ ತೆಗೆಯುತ್ತಿದ್ದುದು ಎದುರಿನವನ ಸಿಟ್ಟು ನೆತ್ತಿಗೇರಿದಾಗ. ರೋಜರ್ ನಗುವಿಗೆ ಕೈಯೊಡ್ಡುತ್ತಾನೆ, ಬಗ್ಸ್ ನಗುವನ್ನು ಕಿತ್ತುಕೊಳ್ಳುತ್ತಾನೆ. ಇಬ್ಬರೂ ಮೊಲಗಳೇ, ಒಂದೇ ಬೋನಿನಲ್ಲಿ ಒಂದು ದಿನ ಕಳೆಯಲಾರರು.

ನೋಡುವ ಮೊದಲು ಟಿವಿಯಲ್ಲಿ ಚಲನೆ ನಯಗೊಳಿಸುವ ಸೆಟ್ಟಿಂಗ್ ಆಫ್ ಮಾಡಿ: ಎಲ್‌ಜಿಯಲ್ಲಿ ಟ್ರೂಮೋಷನ್, ಸೋನಿಯಲ್ಲಿ ಮೋಷನ್‌ಫ್ಲೋ, ಸ್ಯಾಮ್‌ಸಂಗ್‌ನಲ್ಲಿ ಪಿಕ್ಚರ್ ಕ್ಲಾರಿಟಿ. ಅದು ಎರಡು ಫ್ರೇಮುಗಳ ನಡುವೆ ತನ್ನದೇ ಸುಳ್ಳು ಫ್ರೇಮು ತುಂಬುತ್ತದೆ. ಕಾರ್ಟೂನಿನ ಕೈಕಾಲು ಒಂದು ಫ್ರೇಮಿನಿಂದ ಇನ್ನೊಂದಕ್ಕೆ ಎಗರುವುದರಿಂದ ಟಿವಿ ಲೆಕ್ಕ ತಪ್ಪಿ ಅಂಚುಗಳನ್ನು ಕಲಸುತ್ತದೆ. ಬಾತುಗಳ ಜಗಳ ಹಿಟ್ಟು ಕಲಸಿದಂತಾಗುತ್ತದೆ. ಆ ಜಗಳವನ್ನು ಪಾಜ್ ಮಾಡಿ ಒಂದೊಂದೇ ಫ್ರೇಮು ಮುಂದೊತ್ತಿ ನೋಡಿದರೆ ಮೂಲ ಚಿತ್ರಕಾರರೇ ಉದ್ದ ಎಳೆದು ಬರೆದ ಚಿತ್ರಗಳು ಸಿಗುತ್ತವೆ. ಟಿವಿ ಕಲಸಿದ್ದಕ್ಕೂ ಇವಕ್ಕೂ ವ್ಯತ್ಯಾಸ ಗುರುತಿಸುವುದು ಹೀಗೆ: ಬರೆದದ್ದರ ಅಂಚು ಗೆರೆ ಖಚಿತವಾಗಿರುತ್ತದೆ.

ಕೊಳ್ಳುವವರು ಎಡವುವುದು ಪ್ಲೇಯರಿನಲ್ಲಿ. 4ಕೆ ಡಿಸ್ಕಿಗೆ ಪ್ರದೇಶದ ಬೀಗ ಇಲ್ಲ, ಬೆಂಗಳೂರಿನಲ್ಲಾಗಲಿ ದುಬೈಯಲ್ಲಾಗಲಿ ಓಡುತ್ತದೆ. ಬ್ಲೂ-ರೇಗೆ ಬೀಗ ಇರಬಹುದು: ಅಮೆರಿಕ ‘ಎ’, ಭಾರತ ‘ಸಿ’, ಡಬ್ಬಿಯ ಹಿಂದಿನ ಗುರುತು ನೋಡಿ. ಹಳೆಯ ಡಿವಿಡಿಗಾದರೆ ಅಮೆರಿಕ 1, ಭಾರತ 5. ಪ್ಲೇಸ್ಟೇಷನ್ 4 ಬ್ಲೂ-ರೇ ಓಡಿಸುತ್ತದೆ, 4ಕೆ ಡಿಸ್ಕು ಓಡಿಸುವುದಿಲ್ಲ, ಪ್ರೊ ಮಾದರಿಯೂ ಅಷ್ಟೇ. ಡಿಸ್ಕ್ ಡ್ರೈವ್ ಇರುವ ಪ್ಲೇಸ್ಟೇಷನ್ 5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ಆಗುತ್ತವೆ. ಇದು ಯಾಕೆ ಮುಖ್ಯ ಎಂದರೆ ಹೆಚ್ಚಿನ ವಿಶೇಷಗಳು (ಚಿತ್ರದ ಜೊತೆ ಕೊಡುವ ಸಾಕ್ಷ್ಯಚಿತ್ರ, ಕಿರುಚಿತ್ರಗಳು) ಇರುವುದು ಬ್ಲೂ-ರೇಯಲ್ಲಿ. ಅದು 2013ರಲ್ಲಿ ಬಂದ ಡಿಸ್ಕೇ. ಅದರ ಬೀಗ ನಿಮ್ಮ ಪ್ಲೇಯರಿಗೆ ಹೊಂದಿಕೆಯಾಗದಿದ್ದರೆ 4ಕೆ ಡಿಸ್ಕಿನಲ್ಲಿ ಚಿತ್ರ ನೋಡಬಹುದು, ವಿಶೇಷ ನೋಡಲಾಗದು. ಈಗಾಗಲೇ 2013ರ ಡಿಸ್ಕ್ ಇರುವವರು, ಎಚ್‌ಡಿಆರ್ ಇಲ್ಲದ ಟಿವಿ ಇರುವವರು ಹೊಸದಕ್ಕೆ ಖರ್ಚು ಮಾಡಬೇಕಿಲ್ಲ. 2003ರ ಎರಡು ಡಿಸ್ಕಿನ ಡಿವಿಡಿ ಸೆಕೆಂಡ್ ಹ್ಯಾಂಡಿನಲ್ಲಿ ಸಿಕ್ಕರೆ ಒಂದು ಎಚ್ಚರ: ಅದರ ಮೊದಲ ಡಿಸ್ಕು ಚೌಕ ಪರದೆಯದು. ಬಗ್ಸ್‌ಗೂ ಮಿಕ್ಕಿಗೂ ಸಮಪಾಲು ಕೊಟ್ಟ ಚೌಕಟ್ಟನ್ನೇ ಬದಲಿಸಿ ನೋಡುವುದರಲ್ಲಿ ಅರ್ಥವಿಲ್ಲ. ಎರಡನೇ ಡಿಸ್ಕನ್ನೇ ಹಾಕಿ.

ವಿಶೇಷಗಳಲ್ಲಿ ತಯಾರಿಕೆಯ ಸಾಕ್ಷ್ಯಚಿತ್ರ ನೋಡಲೇಬೇಕಾದ್ದು. ರೋಜರ್‌ನ ಮೂರು ಕಿರುಚಿತ್ರಗಳಲ್ಲಿ 1989ರದು ಚೆನ್ನಾಗಿದೆ, ಉಳಿದೆರಡು ಓಟವೇ ಹೆಚ್ಚು. ಅವುಗಳಲ್ಲಿ ರೋಜರ್ ಮೆಚ್ಚಿ ನೋಡಬೇಕಾದ ಗೂಫಿಯಿಲ್ಲ, ಕೊರತೆ ಗೊತ್ತಾಗುತ್ತದೆ.

ಇದೇ ಹುಚ್ಚಿಗೆ ವಿಡಿಯೋ ಗೇಮುಗಳೂ ಬಂದಿವೆ. ನಿಕಲೋಡಿಯನ್ ಪಾತ್ರಗಳನ್ನು ಹೊಡೆದಾಟಕ್ಕೆ ಬಿಟ್ಟ ‘ಆಲ್-ಸ್ಟಾರ್ ಬ್ರಾಲ್’ 2021ರಲ್ಲಿ ಬಂದಾಗ ಪಾತ್ರಗಳಿಗೆ ಮಾತೇ ಇರಲಿಲ್ಲ, ಧ್ವನಿ ಸೇರಿಸಿದ್ದು ಮರುವರ್ಷ. ವಾರ್ನರ್‌ನ ‘ಮಲ್ಟಿವರ್ಸಸ್’ನಲ್ಲಿ ಬಗ್ಸ್, ಶ್ಯಾಗಿ, ಬ್ಯಾಟ್‌ಮನ್ ಒಬ್ಬರಿಗೊಬ್ಬರು ಮಾತು ಎಸೆಯುತ್ತಿದ್ದರು, 2025ರ ಮೇ 30ಕ್ಕೆ ಸರ್ವರ್ ಬಂದ್ ಆಯಿತು, ಮೊದಲೇ ಇಳಿಸಿಕೊಂಡವರಿಗೆ ಮಾತ್ರ ಆಫ್‌ಲೈನ್ ಆಟ ಉಳಿದಿದೆ. ಡಿಸ್ಕಿಗೆ ಆ ಭಯ ಇಲ್ಲ.

ಮಕ್ಕಳ ಜೊತೆ ನೋಡುವವರಿಗೆ: ಟರ್ಪೆಂಟೈನ್, ಅಸಿಟೋನ್, ಬೆಂಜೀನ್ ಬೆರೆಸಿದ ‘ಡಿಪ್’ ಎಂಬ ದ್ರಾವಣ ಇದರಲ್ಲಿದೆ, ಟೂನ್‌ಗಳನ್ನು ಕೊಲ್ಲಲೆಂದೇ ಮಾಡಿದ್ದು ಅದು. (ಮೂರೂ ಬಣ್ಣ ಕರಗಿಸುವ ನಿಜವಾದ ದ್ರಾವಕಗಳೇ.) ನ್ಯಾಯಾಧೀಶ ಡೂಮ್ ಒಂದು ಮುಗ್ಧ ಕಾರ್ಟೂನ್ ಬೂಟನ್ನು ಅದರಲ್ಲಿ ಅದ್ದುವ ದೃಶ್ಯ ಆರೇಳು ವರ್ಷದ ಮಕ್ಕಳನ್ನು ಬಗ್ಸ್, ಮಿಕ್ಕಿ ಬರುವ ತನಕ ಕೂರಗೊಡದು. ಅಂಥ ಮಕ್ಕಳಿಗೆ ಮೊದಲ ದೃಶ್ಯ, ಬಾತುಗಳ ಜಗಳ, ಟಾಕೀಸು, ಸ್ಪೇರ್ ಟೈರು, ಈ ನಾಲ್ಕು ತುಣುಕನ್ನು ಅಧ್ಯಾಯ ಹಾರಿಸಿ ತೋರಿಸಿದರೆ ಸಾಕು.